ಹದಿನೇಳು ಪ್ರಶ್ನೆಗಳ ಪ್ಯಾಕೇಜು

೨೦೦೬ರ ಮಾರ್ಚ್ ೯ ಎಂದು ನನ್ನ ಹಳೆಯ ದಿನಚರಿಯಲ್ಲಿದೆ. ಅಂದು ಗಿರಿಜಾಬಾಯಿ ಟೀಚರು ಹೊಸದಾಗಿ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಕಿಸಿಕೊಂಡ ಕಂಪ್ಯೂಟರಿಗೆ ಇಮೇಲ್ ನೋಡಿಕೊಳ್ಳುವ ತಂತ್ರಾಂಶದ ಪ್ಯಾಕೇಜೊಂದು ಬಂದಿಳಿಯಿತು.

“ಹದಿನೇಳು ಪ್ರಶ್ನೆ ಕೇಳಿಯೇ ಇಲ್ಲಿ ಕೂರುತ್ತೇನೆ,” ಎಂದಿತು.

ಎಂಟರ್ ಕೀ ಬೇಡಿಕೊಂಡಿತು. “ಅಣ್ಣಾ, ಅವರು ಹೊಸಬರು. ಗೊತ್ತಿರುವುದನ್ನು ನೀನೇ ತುಂಬಿಕೊಂಡು ಮುಖ್ಯವಾದ ಒಂದನ್ನೇ ಕೇಳು.”

“ಕೇಳದೆ ತೀರ್ಮಾನಿಸಲು ನಾನೇನು ಅರಸನೇ? ಆಯ್ಕೆ ಬಳಸುವವರದು, ತಮ್ಮಾ!”

“ಅರ್ಥವಾಗದ ಹದಿನಾರಕ್ಕೂ ನನ್ನನ್ನು ಒತ್ತಿದವರು ಹದಿನೇಳನೆಯದನ್ನು ಓದುತ್ತಾರೆಯೇ?”

“ಓದದಿದ್ದರೆ ತಪ್ಪು ನನ್ನದಲ್ಲ.”

ಟೀಚರು ಒತ್ತುತ್ತಲೇ ಹೋದರು. ಕೊನೆಯ ಪ್ರಶ್ನೆ, “ಹಳೆಯ ಪತ್ರಗಳನ್ನು ಅಳಿಸಲೇ?” ಪ್ಯಾಕೇಜು ಮೊದಲೇ ಗುರುತು ಹಾಕಿಟ್ಟಿದ್ದ ಉತ್ತರ, “ಹೌದು.” ಒತ್ತಿದರೆ ಇಳಿಯಲೇಬೇಕಾದ ಕೀ ಇಳಿಯಿತು.

ಟೀಚರಿಗೆ ತಂಗಿ ಆರು ವರ್ಷ ಇಮೇಲಿನಲ್ಲಿ ಬರೆದಿದ್ದ, ಆ ಕಂಪ್ಯೂಟರಿನಲ್ಲೇ ಉಳಿಸಿಟ್ಟಿದ್ದ ನಾನೂರ ಹನ್ನೆರಡು ಪತ್ರಗಳು ಹೋದವು. ಪ್ಯಾಕೇಜಿನದು ಏನೂ ಹೋಗಲಿಲ್ಲ.