ಹೋದರೆ ಬರ್ತಾನೆ, ಬಂದರೆ ಉಪ್ಪುಮೂಟೆ

ನಿಯಮ ಒಂದೇ. ಮಗು ಏನಾದರೂ ಕೇಳಿದರೆ "ಹೂಂ" ಅನ್ನಬೇಕು. ಆಗದಿದ್ದರೆ "ಉಹೂಂ" ಅನ್ನಬೇಕು. "ಆಮೇಲೆ" ಅನ್ನಬಾರದು.

ಈ ಕಥೆಯಲ್ಲಿ ಎಲ್ಲರೂ "ಆಮೇಲೆ" ಅಂದರು. ಒಬ್ಬರೂ ತಪ್ಪದೆ ಅಂದರು. ಎಮ್ಮೆ ಕೂಡ ಅಂದಿತು. ಕೇಳಿ.

ದಾಕ್ಷಿ ಅಂತ ಒಬ್ಬ ಹುಡುಗಿ. ಅವಳಿಗೆ ಐದು ವರ್ಷ. ಕೊಟ್ರ ಅಂತ ಅವಳ ತಮ್ಮ. ಅವನಿಗೆ ಎರಡು ವರ್ಷ. ದಾಕ್ಷಿ ಹೋದಲ್ಲೆಲ್ಲ ಕೊಟ್ರ. ಅವಳ ಲಂಗದ ತುದಿ ಅವನ ಮುಷ್ಟಿಯಲ್ಲಿ. ಯಾರು ಏನಂದರೂ ಕೊನೆಯ ಮಾತು ಅವನದು. ಕೇಳಿದ್ದನ್ನೇ ತಿರುಗಿ ಅನ್ನುತ್ತಿದ್ದ.

ಅವರ ಅಪ್ಪ ರುದ್ರೇಶ. ಅಪ್ಪ ಬಿಸ್ಕತ್ತು ಫ್ಯಾಕ್ಟರಿಗೆ ಹೋಗುತ್ತಿದ್ದ. ದಿನಾ ಬೆಳಗ್ಗೆ ಹೋಗುತ್ತಿದ್ದ. ದಿನಾ ಸಂಜೆ ಬರುತ್ತಿದ್ದ. ಬಂದವನೇ ಓಣಿಯ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ದಾಕ್ಷಿ ಬೆನ್ನಿಗೆ ಹತ್ತುತ್ತಿದ್ದಳು. "ಉಪ್ಪು ಬೇಕಾ ಉಪ್ಪು?" ಅಂತ ಅಪ್ಪ ಕೂಗುತ್ತಿದ್ದ. "ಎಷ್ಟು ಸೇರು ಇದೆಯಪ್ಪಾ?" ಅಂತ ಅಮ್ಮ ಬಾಗಿಲಿಂದ ಕೇಳುತ್ತಿದ್ದಳು. ಓಣಿಯ ಉದ್ದಕ್ಕೂ ಉಪ್ಪುಮೂಟೆ!

ಒಂದು ದಿನ ಫ್ಯಾಕ್ಟರಿ ಮುಚ್ಚಿತು. ಅಪ್ಪ ಹೋಗಲಿಲ್ಲ. ಹೋಗದವನು ಬರುವುದು ಹೇಗೆ? ಉಪ್ಪುಮೂಟೆ ನಿಂತಿತು.

ಅಮ್ಮ ಹೊಲಿಗೆ ಕೆಲಸಕ್ಕೆ ಹೊರಟಳು. ಅಪ್ಪ ಮನೆಯಲ್ಲಿ ಉಳಿದ. ಅನ್ನ ಮಾಡಿದ, ಮುದ್ದೆಯಾಯಿತು. ಜಡೆ ಹಾಕಿದ, ಒಂದು ಮೇಲಾಯಿತು, ಒಂದು ಕೆಳಗಾಯಿತು. ಕೊಟ್ರನ ಮೂಗು ಒರೆಸಿದ. ಗೋಡೆಗೆ ಒರಗಿ ಕೂತ. ಇಡೀ ದಿನ ಅಪ್ಪ ಮನೆಯಲ್ಲೇ ಇದ್ದ. ಆದರೂ ಸಂಜೆಯಾದರೆ ದಾಕ್ಷಿ ಓಣಿಯ ತುದಿ ನೋಡುತ್ತಿದ್ದಳು. ದಿನಾ ನೋಡುತ್ತಿದ್ದಳು.

"ಅಪ್ಪಾ, ಉಪ್ಪುಮೂಟೆ," ಅಂದಳು ದಾಕ್ಷಿ.

"ಉಪ್ಪು ಹೊರಗಿಂದ ಬರಬೇಕಲ್ಲ, ಮಗಳೇ?"

"ಹಂಗಾದ್ರೆ ಹೋಗಿ ಬಾ."

"ಹೋಗ್ಬೇಕು. ಕೆಲಸ ಕೇಳೋಕೆ ಹೋಗ್ಬೇಕು. ಆದ್ರೆ ಈ ಅಂಗಿ ನೋಡು, ಮುದುಡಿಬಿಟ್ಟಿದೆ. ಇದನ್ನ ಹಾಕ್ಕೊಂಡು ಹೋದ್ರೆ ಯಾರು ಒಳಗೆ ಬಿಡ್ತಾರೆ? ಮೊದಲು ಇಸ್ತ್ರಿ ಆಗ್ಲಿ. ಆಮೇಲೆ."

"ಆಮೇಲೆ!" ಅಂದ ಕೊಟ್ರ.

ದಾಕ್ಷಿ ಅಂಗಿ ಎತ್ತಿಕೊಂಡಳು. ಇಸ್ತ್ರಿ ಮಾಡುವ ತಿಪ್ಪಣ್ಣಜ್ಜನ ಗಾಡಿಗೆ ಹೋದಳು.

"ಅಜ್ಜ, ಅಜ್ಜ, ಇಸ್ತ್ರಿ ಮಾಡು.
ಇಸ್ತ್ರಿ ಆದರೆ ಅಪ್ಪ ಅಂಗಿ ಹಾಕ್ತಾನೆ.
ಅಂಗಿ ಹಾಕಿದರೆ ಹೋಗ್ತಾನೆ.
ಹೋದರೆ ಬರ್ತಾನೆ.
ಬಂದರೆ ಉಪ್ಪುಮೂಟೆ!"

ಅಜ್ಜ ಇಸ್ತ್ರಿ ಪೆಟ್ಟಿಗೆಯ ಬಾಯಿ ತೆರೆದು ತೋರಿಸಿದ.

"ನೋಡವ್ವ, ಇದರ ಹೊಟ್ಟೆ ಖಾಲಿ. ಇದ್ದಿಲೇ ಇಲ್ಲ. ಪಾರಕ್ಕನ ದೋಸೆ ಒಲೆಯಿಂದ ಇದ್ದಿಲು ಬರ್ಬೇಕು. ಮೊದಲು ಇದ್ದಿಲು. ಆಮೇಲೆ ಇಸ್ತ್ರಿ. ಅಂಗಿ ಇಲ್ಲೇ ಇಟ್ಟು ಹೋಗು."

"ಆಮೇಲೆ!" ಅಂದ ಕೊಟ್ರ.

ದಾಕ್ಷಿ ಪಾರಕ್ಕನ ದೋಸೆ ಹೋಟೆಲಿಗೆ ಹೋದಳು. ಪಾರಕ್ಕ ಅವಳ ತಲೆ ನೋಡಿ ನಕ್ಕಳು.

"ಏನೇ ಇದು ಜಡೆ? ಒಂದು ಬೆಟ್ಟ ಹತ್ತಿದೆ, ಒಂದು ಬಾವಿಗೆ ಇಳಿದಿದೆ!"

"ಅಪ್ಪ ಹಾಕಿದ್ದು."

ಪಾರಕ್ಕ ನಗು ನಿಲ್ಲಿಸಿದಳು. "ಚೆನ್ನಾಗಿದೆ ಬಿಡೇ. ಏನ್ ಬೇಕು?"

"ಪಾರಕ್ಕ, ಪಾರಕ್ಕ, ಒಲೆ ಹಚ್ಚು.
ಒಲೆ ಹಚ್ಚಿದರೆ ಇದ್ದಿಲು ಬರುತ್ತೆ.
ಇದ್ದಿಲು ಬಂದರೆ ಅಜ್ಜ ಇಸ್ತ್ರಿ ಮಾಡ್ತಾನೆ.
ಇಸ್ತ್ರಿ ಆದರೆ ಅಪ್ಪ ಅಂಗಿ ಹಾಕ್ತಾನೆ.
ಅಂಗಿ ಹಾಕಿದರೆ ಹೋಗ್ತಾನೆ.
ಹೋದರೆ ಬರ್ತಾನೆ.
ಬಂದರೆ ಉಪ್ಪುಮೂಟೆ!"

"ನನ್ನದು ಬೆಣ್ಣೆ ದೋಸೆ ಕಣೇ. ಬೆಣ್ಣೆ ಇಲ್ಲದೆ ಒಲೆ ಹಚ್ಚಿದರೆ ಗಿರಾಕಿಗಳು ನನ್ನನ್ನೇ ಹುರಿದು ತಿಂತಾರೆ. ಹಾಲಮ್ಮಜ್ಜಿ ಬೆಣ್ಣೆ ತಂದಿಲ್ಲ. ಮೊದಲು ಬೆಣ್ಣೆ. ಆಮೇಲೆ ಒಲೆ."

"ಆಮೇಲೆ!" ಅಂದ ಕೊಟ್ರ.

ದಾಕ್ಷಿ ಹಾಲಮ್ಮಜ್ಜಿಯ ಮನೆಗೆ ಹೋದಳು. ಅಜ್ಜಿ ಕಾಲು ಚಾಚಿ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು.

"ಅಜ್ಜಿ, ಅಜ್ಜಿ, ಬೆಣ್ಣೆ ಕೊಡು.
ಬೆಣ್ಣೆ ಸಿಕ್ಕರೆ ಪಾರಕ್ಕ ಒಲೆ ಹಚ್ತಾಳೆ.
ಒಲೆ ಹಚ್ಚಿದರೆ ಇದ್ದಿಲು ಬರುತ್ತೆ.
ಇದ್ದಿಲು ಬಂದರೆ ಅಜ್ಜ ಇಸ್ತ್ರಿ ಮಾಡ್ತಾನೆ.
ಇಸ್ತ್ರಿ ಆದರೆ ಅಪ್ಪ ಅಂಗಿ ಹಾಕ್ತಾನೆ.
ಅಂಗಿ ಹಾಕಿದರೆ ಹೋಗ್ತಾನೆ.
ಹೋದರೆ ಬರ್ತಾನೆ.
ಬಂದರೆ ಉಪ್ಪುಮೂಟೆ!"

"ಹಾಲಿದ್ರೆ ತಾನೆ ಬೆಣ್ಣೆ, ಕೂಸೇ? ನಮ್ಮ ಎಮ್ಮೆ ಎರಡು ದಿನದಿಂದ ಮುನಿಸ್ಕೊಂಡು ನಿಂತಿದೆ. ಒಂದು ತೊಟ್ಟು ಕೊಟ್ಟಿಲ್ಲ. ಮೊದಲು ಹಾಲು. ಆಮೇಲೆ ಬೆಣ್ಣೆ. ಬೇಕಾದ್ರೆ ನೀನೇ ಕೇಳು. ನನಗಂತೂ ಕೇಳಿ ಕೇಳಿ ಸಾಕಾಯ್ತು."

"ಆಮೇಲೆ!" ಅಂದ ಕೊಟ್ರ.

ದಾಕ್ಷಿ ಹಿತ್ತಲಿಗೆ ಹೋದಳು. ಎಮ್ಮೆ ಬೆನ್ನು ತಿರುಗಿಸಿ ನಿಂತಿತ್ತು. ದಾಕ್ಷಿ ಸುತ್ತಿ ಮುಂದೆ ಬಂದಳು.

"ಎಮ್ಮೆ, ಎಮ್ಮೆ, ಹಾಲು ಕೊಡು.
ಹಾಲು ಸಿಕ್ಕರೆ ಅಜ್ಜಿ ಬೆಣ್ಣೆ ಕೊಡ್ತಾಳೆ.
ಬೆಣ್ಣೆ ಸಿಕ್ಕರೆ ಪಾರಕ್ಕ ಒಲೆ ಹಚ್ತಾಳೆ.
ಒಲೆ ಹಚ್ಚಿದರೆ ಇದ್ದಿಲು ಬರುತ್ತೆ.
ಇದ್ದಿಲು ಬಂದರೆ ಅಜ್ಜ ಇಸ್ತ್ರಿ ಮಾಡ್ತಾನೆ.
ಇಸ್ತ್ರಿ ಆದರೆ ಅಪ್ಪ ಅಂಗಿ ಹಾಕ್ತಾನೆ.
ಅಂಗಿ ಹಾಕಿದರೆ ಹೋಗ್ತಾನೆ.
ಹೋದರೆ ಬರ್ತಾನೆ.
ಬಂದರೆ ಉಪ್ಪುಮೂಟೆ!"

ಎಮ್ಮೆ ಮೂಗು ಮೇಲೆತ್ತಿತು.

"ಹಾಲಂತೆ ಹಾಲು! ನನ್ನ ಮೈ ನೋಡು. ಒಣಗಿ ಬಿರುಕು ಬಿಟ್ಟಿದೆ. ಕೆರೆಗೆ ಇಳಿದು ಎರಡು ದಿನ ಆಯ್ತು. ಮುದುಕಿಗೆ ಮಂಡಿ ನೋವು, ಸರಿ. ಬೇರೆ ಯಾರಾದ್ರೂ ಹೊಡ್ಕೊಂಡು ಹೋಗಬಾರದಾ? ಮೊದಲು ಕೆರೆ. ಆಮೇಲೆ ಹಾಲು."

"ಆಮೇಲೆ!" ಅಂದ ಕೊಟ್ರ.

ದಾಕ್ಷಿ ನಿಂತು ಯೋಚಿಸಿದಳು. ಎಮ್ಮೆಯನ್ನು ಕೆರೆಗೆ ಹೊಡೆದುಕೊಂಡು ಹೋಗುವವರು ಯಾರು? ಹಾಲಮ್ಮಜ್ಜಿಗೆ ಮಂಡಿ ನೋವು. ಪಾರಕ್ಕ ಹೋಟೆಲು ಬಿಟ್ಟು ಬರುವುದಿಲ್ಲ. ತಿಪ್ಪಣ್ಣಜ್ಜ ಗಾಡಿ ಬಿಟ್ಟು ಬರುವುದಿಲ್ಲ. ಅಮ್ಮ ಹೊಲಿಗೆಗೆ ಹೋಗಿದ್ದಾಳೆ.

"ಕೊಟ್ರ, ಯಾರೋ ಹೋಗೋರು?"

ಈ ಸಲ ಕೊಟ್ರ ಕೇಳಿದ್ದನ್ನು ತಿರುಗಿ ಅನ್ನಲಿಲ್ಲ.

"ಅಪ್ಪ!" ಅಂದ.

ಇಬ್ಬರೂ ಓಡಿದರು. ಅಪ್ಪ ಗೋಡೆಗೆ ಒರಗಿ ಕೂತಿದ್ದ. ಮೈಮೇಲೆ ಬನಿಯನ್ ಮಾತ್ರ.

"ಅಪ್ಪ, ಅಪ್ಪ, ಎಮ್ಮೆಯನ್ನ ಕೆರೆಗೆ ಇಳಿಸು.
ಕೆರೆಗೆ ಇಳಿದರೆ ಎಮ್ಮೆ ಹಾಲು ಕೊಡುತ್ತೆ.
ಹಾಲು ಸಿಕ್ಕರೆ ಅಜ್ಜಿ ಬೆಣ್ಣೆ ಕೊಡ್ತಾಳೆ.
ಬೆಣ್ಣೆ ಸಿಕ್ಕರೆ ಪಾರಕ್ಕ ಒಲೆ ಹಚ್ತಾಳೆ.
ಒಲೆ ಹಚ್ಚಿದರೆ ಇದ್ದಿಲು ಬರುತ್ತೆ.
ಇದ್ದಿಲು ಬಂದರೆ ಅಜ್ಜ ಇಸ್ತ್ರಿ ಮಾಡ್ತಾನೆ.
ಇಸ್ತ್ರಿ ಆದರೆ ನೀನು ಅಂಗಿ ಹಾಕ್ತೀಯ.
ಅಂಗಿ ಹಾಕಿದರೆ ಹೋಗ್ತೀಯ.
ಹೋದರೆ ಬರ್ತೀಯ.
ಬಂದರೆ ಉಪ್ಪುಮೂಟೆ!"

"ಅಂಗಿ ಇಲ್ಲದೆ ಓಣಿಗೆ ಹೆಂಗೆ ಬರ್ಲಿ, ಮಗಳೇ?"

"ಎಮ್ಮೆ ಅಂಗಿ ನೋಡಲ್ಲಪ್ಪಾ."

ಅಪ್ಪ ಅವಳನ್ನು ನೋಡಿದ. ಗೋಡೆಯನ್ನು ನೋಡಿದ. ಎದ್ದ.

ಮುಂದೆ ಎಮ್ಮೆ. ಹಿಂದೆ ಅಪ್ಪ. ಅವನ ಹಿಂದೆ ದಾಕ್ಷಿ. ಅವಳ ಹಿಂದೆ ಕೊಟ್ರ.

"ಏನ್ ರುದ್ರೇಶಣ್ಣ, ಹೊಸ ಕೆಲಸಾನಾ?" ಅಂತ ಪಾರಕ್ಕ ಹೋಟೆಲಿಂದ ಕೂಗಿದಳು.

"ಹೂಂ ಪಾರಕ್ಕ. ನಮ್ಮ ಸಾಹೇಬ್ರು ಮುಂದೆ ಹೋಗ್ತಿದ್ದಾರೆ," ಅಂದ ಅಪ್ಪ.

ಎಮ್ಮೆ ಕೆರೆಗೆ ಇಳಿಯಿತು. ಮೂಗೊಂದು ಬಿಟ್ಟು ಪೂರ್ತಿ ಮುಳುಗಿತು. ಅಪ್ಪ ಹುಲ್ಲಿನಿಂದ ಅದರ ಮೈ ಉಜ್ಜಿದ. ಮೊಣಕಾಲವರೆಗೆ ಅವನಿಗೂ ಕೆಸರು.

ತಿರುಗಿ ಬಂದಾಗ ದಾಕ್ಷಿ ಕೈ ಎತ್ತಿದಳು. "ಬಂದೆಯಲ್ಲಪ್ಪಾ! ಉಪ್ಪುಮೂಟೆ!"

"ಇದು ಬಂದಿದ್ದಲ್ಲ, ಮಗಳೇ. ಕೆಲಸಕ್ಕೆ ಹೋಗಿ ಬಂದರೆ ಬಂದ ಹಂಗೆ. ಆಮೇಲೆ."

"ಆಮೇಲೆ," ಅಂದ ಕೊಟ್ರ. ಮೆಲ್ಲಗೆ ಅಂದ.

ಕೆರೆಗೆ ಇಳಿದ ಎಮ್ಮೆ ಹಾಲು ಕೊಟ್ಟಿತು. ಚೊಂಬು ತುಂಬ ಕೊಟ್ಟಿತು. ಅಜ್ಜಿ ಹಾಲು ಕಾಸಿದಳು. ಹೆಪ್ಪು ಹಾಕಿದಳು. ಬೆಣ್ಣೆ ಅವಸರಕ್ಕೆ ಬರುವುದಿಲ್ಲ, ಒಂದು ರಾತ್ರಿ ಬೇಕು. ದಾಕ್ಷಿ ಕಾದಳು.

ಬೆಳಗಾಯಿತು. ಅಜ್ಜಿ ಮೊಸರು ಕಡೆದಳು. ಬೆಣ್ಣೆ ಕೊಟ್ಟಳು.
ಬೆಣ್ಣೆ ಸಿಕ್ಕಿತು, ಪಾರಕ್ಕ ಒಲೆ ಹಚ್ಚಿದಳು.
ಒಲೆ ಹಚ್ಚಿದಳು, ಇದ್ದಿಲು ಬಂತು.
ಇದ್ದಿಲು ಬಂತು, ಅಜ್ಜ ಇಸ್ತ್ರಿ ಮಾಡಿದ.
ಇಸ್ತ್ರಿ ಆಯಿತು, ಅಪ್ಪ ಅಂಗಿ ಹಾಕಿದ.
ಅಂಗಿ ಹಾಕಿದ, ಹೋದ.

ಹೋದವನು ಬರಬೇಕಲ್ಲ?

ಮಕ್ಕಳು ಹಾಲಮ್ಮಜ್ಜಿಯ ಜಗುಲಿಯಲ್ಲಿ ಕೂತರು. ಬಿಸಿಲು ಜಗುಲಿಗೆ ಬಂತು. ಬಿಸಿಲು ಜಗುಲಿಯಿಂದ ಇಳಿಯಿತು. ದಾಕ್ಷಿ ಓಣಿಯ ತುದಿ ನೋಡಿದಳು. ಹಾಲಿನವನು ಬಂದ, ಅಪ್ಪ ಬರಲಿಲ್ಲ. ಹೂವಿನವಳು ಬಂದಳು, ಅಪ್ಪ ಬರಲಿಲ್ಲ. ಒಂದು ನಾಯಿ ಬಂತು, ಅಪ್ಪ ಬರಲಿಲ್ಲ.

ಅಪ್ಪ ಬಂದ.

ದಾಕ್ಷಿ ಓಡಿದಳು. ಲಂಗದ ತುದಿ ಹಿಡಿದು ಕೊಟ್ರನೂ ಓಡಿದ.

"ಸಿಕ್ತಾ, ರುದ್ರೇಶಣ್ಣ?" ಅಂದಳು ಪಾರಕ್ಕ.

"ಹೂಂ ಅನ್ನಲಿಲ್ಲ, ಪಾರಕ್ಕ. ಉಹೂಂ ಅಂತಾನೂ ಅನ್ನಲಿಲ್ಲ. ಆಮೇಲೆ ಹೇಳ್ತೀವಿ ಅಂದ್ರು. ಸೋಮವಾರ ಮತ್ತೆ ಬಾ ಅಂದ್ರು."

ಅಪ್ಪನ ಕಾಲು ಸೋತಿತ್ತು. ಅಂಗಿ ಮಾತ್ರ ನೆಟ್ಟಗಿತ್ತು. ಸೋಮವಾರಕ್ಕೂ ಅದೇ ಅಂಗಿ ಬೇಕು. ಬೆನ್ನಿಗೆ ಮೂಟೆ ಹತ್ತಿದರೆ ಅದು ಮುದುಡುತ್ತದೆ.

"ಬಂದೆಯಾ, ಅಪ್ಪಾ?" ಅಂದಳು ದಾಕ್ಷಿ. ಅಷ್ಟೇ ಅಂದಳು.

ಅಪ್ಪ ಬಾಯಿ ತೆರೆದ. "ಆ..." ಅಂದ. ಅಲ್ಲಿಗೇ ನಿಲ್ಲಿಸಿದ.

ಕೊಟ್ರ ಕಾದ. ತಿರುಗಿ ಅನ್ನಲು ಏನೂ ಸಿಗಲಿಲ್ಲ.

ಅಪ್ಪ ಓಣಿಯ ತುದಿಯಲ್ಲೇ ಕುಕ್ಕರುಗಾಲಲ್ಲಿ ಕೂತ. ಇಸ್ತ್ರಿ ಅಂಗಿಯ ಬೆನ್ನನ್ನು ದಾಕ್ಷಿಯ ಕಡೆ ತಿರುಗಿಸಿದ.