ಸಾಹೇಬರ ಡೋಲಿ

ಮೋಟಾರು ಸದ್ದಿಗೆ ಪ್ರಾಣಿಗಳು ಬೆದರುತ್ತವೆಂದು ಕಾಡುದಾರಿಯ ಗೇಟಿಗೆ ಬೀಗ ಜಡಿಸಿದ್ದ ಅರಣ್ಯ ಸಾಹೇಬರು, ತಾವು ಮಾತ್ರ ಜೀಪಿನಲ್ಲೇ ಒಳಗೆ ಬಂದರು. ಜೀಪು ಹಳ್ಳಕ್ಕೆ ಮಗುಚಿತು. ಕಾಲು ಮುರಿಯಿತು.

ಕಾಡೊಳಗಿನ ಹಾಡಿಯ ಸೋಲಿಗರ ಜಡೇಗೌಡ ಕಂಬಳಿಗೆ ಬಿದಿರು ಸಿಕ್ಕಿಸಿ ಡೋಲಿ ಕಟ್ಟಿದ.

"ಡೋಲಿ ಯಾಕೋ? ಗೇಟಿನಾಚೆ ನಿಮ್ಮ ಟ್ರ್ಯಾಕ್ಟರ್ ನಿಂತಿದೆಯಲ್ಲ! ಬೀಗದ ಕೈ ಹಿಡಿ, ತಗೊಂಡು ಬಾ!"

"ಬ್ಯಾಡಿ ಬುದ್ಧಿ. ಪ್ರಾಣಿಗಳು ಬೆದರ್ತವೆ."

ನಾಲ್ವರು ಹೆಗಲು ಕೊಟ್ಟರು. ಡೋಲಿ ಕುಲುಕಿದಾಗಲೆಲ್ಲ ಸಾಹೇಬರು ಬೊಬ್ಬೆ ಹೊಡೆದರು.

"ಮೆತ್ತಗೆ ಬುದ್ಧಿ. ಪ್ರಾಣಿಗಳು ಬೆದರ್ತವೆ."

ಕೊನೆಗೂ ಗೇಟು ಬಂತು. "ಅಬ್ಬಾ, ಜೀವ ಉಳೀತು!" ಎಂದರು ಸಾಹೇಬರು.

"ನೀವು ಪುಣ್ಯವಂತ್ರು ಬುದ್ಧಿ," ಅಂದ ಜಡೇಗೌಡ. "ಹೋದ ತಿಂಗಳು ಇದೇ ಕಂಬಳೀಲಿ ನಮ್ಮವ್ವನ್ನ ಹೊತ್ಕೊಂಡು ಬಂದೋ. ಗೇಟು ಕಾಣೋ ಹೊತ್ಗೆ ಉಸಿರು ನಿಂತೋಗಿತ್ತು. ಪಾಪ, ಸದ್ದೇ ಮಾಡ್ನಿಲ್ಲ. ಒಂದು ಪ್ರಾಣೀನೂ ಬೆದರ್ನಿಲ್ಲ."