ತುದಿ ಕೈಗೆ ಸಿಗುವ ಗಂಟು

"ಗುರುಗಳೇ, ಅಕ್ಕನಿಗೆ ಹುಷಾರಿಲ್ಲವೆಂದು ಹೇಳಿಕಳಿಸಿದ್ದಾರೆ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ. ಈ ಬೆಟ್ಟ ಇಳಿಯುವುದಿಲ್ಲವೆಂದು ಹನ್ನೆರಡು ವರ್ಷದ ವ್ರತ ಹಿಡಿದಿದ್ದೇನೆ. ಇನ್ನು ಮೂರು ತಿಂಗಳು ಉಳಿದಿದೆ. ಈಗ ಇಳಿದರೆ ನನ್ನ ವ್ರತ ಏನಾಗುತ್ತದೆ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳತೊಡಗಿದರು.

ಒಬ್ಬ ಅಂಬಿಗನಿದ್ದ. ಬಂಡೆಗಳ ನಡುವೆ ಹೊಳೆ ಧುಮುಕಿ ಹರಿಯುವ ಕಡೆ ಅವನ ಊರು. ಮಳೆಗಾಲದಲ್ಲಿ ಕೆಳಗಿನ ಹಳ್ಳಿಗೆ ಬೇರೆ ದಾರಿ ಇರುತ್ತಿರಲಿಲ್ಲ. ಉಪ್ಪು, ಔಷಧಿ ಏನೇ ಹೋಗಬೇಕಾದರೂ ಅವನ ಸಣ್ಣ ದೋಣಿಯಲ್ಲೇ ಹೋಗಬೇಕು. ಒಬ್ಬರು ಮಂಡಿಯೂರಿ ಕೂತು ಹುಟ್ಟು ಹಾಕುವಷ್ಟೇ ಜಾಗ ಅದರಲ್ಲಿ. ಒಂದು ವರ್ಷ ಅವನ ಬಲಭುಜ ಸೋತಿತು. ಕೈ ಮೇಲಕ್ಕೆ ಏಳಲಿಲ್ಲ.

"ನಾನು ಹೋಗ್ತೀನಿ" ಅಂದಳು ಮಗಳು. ಅವನಿಗೆ ಇದ್ದವಳು ಅವಳೊಬ್ಬಳೇ.

ದೋಣಿ ಅಪ್ಪನ ಮೈಗೆ ಆಗಿದ್ದು. ಅವಳಿಗೆ ದೊಡ್ಡದಾಯಿತು. ಅವಳು ಎಡಕ್ಕೆ ವಾಲಿದರೆ ಮೈ ಮಾತ್ರ ವಾಲುತ್ತಿತ್ತು, ದೋಣಿ ತನ್ನ ಪಾಡಿಗೆ ಹೋಗುತ್ತಿತ್ತು. ಸಣ್ಣ ಸುಳಿಯಲ್ಲೇ ಎರಡು ಸಲ ಹೊರಗೆ ಬಿದ್ದಳು.

ಅಂಬಿಗ ಅವಳನ್ನು ಹೊಳೆದಂಡೆಯ ಹಸಿ ಮರಳಿನಲ್ಲಿ ಮಂಡಿಯೂರಿ ಕೂರಿಸಿದ. ಮಂಡಿಯ ಗುರುತು, ಕಾಲ ಹೆಬ್ಬೆರಳ ಗುರುತು ಮರಳಲ್ಲಿ ಮೂಡಿದವು. ಆ ಗುರುತಿಗೆ ಕಡ್ಡಿ ಇಟ್ಟು ಅಳೆದ. ಮತ್ತೆ ಕೂರಿಸಿ ಮತ್ತೆ ಅಳೆದ.

"ರವಿಕೆ ಹೊಲಿಯೋನೂ ಇಷ್ಟು ಅಳತೆ ತಗೊಳ್ಳಲ್ಲ ಕಣಪ್ಪಾ" ಅಂದಳು.

"ರವಿಕೆ ಸಡಿಲ ಆದ್ರೆ ನಗ್ತಾರೆ ಅಷ್ಟೇ. ಅಲ್ಲಾಡಬೇಡ, ಕೂತ್ಕೋ" ಅಂದ.

ಕೂರುವ ಹಲಗೆಯನ್ನು ನಾಲ್ಕು ಬೆರಳು ತಗ್ಗಿಸಿದ. ಮಂಡಿ ಊರುವಲ್ಲಿ ತೆಂಗಿನ ನಾರು ತುಂಬಿ, ಮೇಲೆ ತನ್ನ ಕಂಬಳಿಯನ್ನೇ ಕತ್ತರಿಸಿ ಹೊದಿಸಿದ. ಸೊಂಟದ ಎರಡೂ ಮಗ್ಗುಲಿಗೆ ಮೆತ್ತೆ ಕಟ್ಟಿದ. ಹಿಂದೆ ಕಾಲ ಹೆಬ್ಬೆರಳು ಒತ್ತಿ ಹಿಡಿಯಲು ಅಡ್ಡಪಟ್ಟಿ ಬಡಿದ. ಈಗ ಅವಳು ಸೊಂಟ ತಿರುಗಿಸಿದರೆ ದೋಣಿಯೂ ತಿರುಗುತ್ತಿತ್ತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅವನಿಗೆ ಕೆಳಗಿನ ಹಳ್ಳಿಗಿಂತ ಮುಂಚೆ ಸಿಗುವ ದೊಡ್ಡ ಬಂಡೆಗಳ ಕಂಡಿ ನೆನಪಿಗೆ ಬರುತ್ತಿತ್ತು. ಅಲ್ಲಿ ನೀರು ಆಳೆತ್ತರದಿಂದ ಬೀಳುತ್ತದೆ. ಪುಂಡಿನಾರಿನ ಪಟ್ಟಿ ಹೆಣೆದು ಅವಳ ತೊಡೆಗಳ ಮೇಲೆ ಹಾಯಿಸಿ, ಹೊರಗೆ ಬೀಳದಂತೆ ಅವಳನ್ನು ದೋಣಿಗೆ ಸೇರಿಸಿ ಬೆನ್ನ ಹಿಂದೆ ಎರಡು ಗಂಟು ಬಿಗಿದ. ಮರಳ ಮೇಲೆ ನಿಂತು ಜಗ್ಗಿ ನೋಡಿದ. ಕದಲಲಿಲ್ಲ. ಅಂದು ಹೊಟ್ಟೆತುಂಬ ಉಂಡ.

ಮಾರನೆಯ ದಿನ ಊರ ಮುಂದಿನ ಮಡುವಿನಲ್ಲಿ ಅವಳು ದೋಣಿ ಮಗುಚಿ ನೋಡಿದಳು. ನಾರು ನೀರು ಕುಡಿದು ಊದಿಕೊಂಡಿತು. ಒಣಗಿದ್ದಾಗ ಬಿಗಿದ ಗಂಟು ಕಲ್ಲಾಯಿತು. ಕೈ ಹಿಂದಕ್ಕೆ ಎಟುಕಲಿಲ್ಲ. ಅವಳು ತಲೆಕೆಳಗಾಗಿ ನೀರೊಳಗೇ ಉಳಿದಳು. ಅಪ್ಪ ಸೊಂಟದ ಚೂರಿ ಹಿಡಿದು ಹಾರಿದ. ಎಡಗೈಯಲ್ಲೇ ಪಟ್ಟಿ ಕೊಯ್ದು ಅವಳನ್ನು ದಡಕ್ಕೆ ಎಳೆತಂದ.

ಅವಳು ನೀರು ಕಕ್ಕಿದಳು. ಕೊಯ್ದ ಪಟ್ಟಿಯನ್ನು ಎತ್ತಿ ನೋಡಿದಳು.

"ಗಂಟು ಮಾತ್ರ ಗಟ್ಟಿಯಾಗಿ ಹಾಕಿದ್ದೆ ಬಿಡಪ್ಪಾ" ಅಂದಳು.

ಅವನು ಮೂರು ದಿನ ದೋಣಿಯ ಹತ್ತಿರ ಹೋಗಲಿಲ್ಲ. ನಾಲ್ಕನೆಯ ದಿನ ಹೊಸ ಪಟ್ಟಿ ಹೆಣೆದ. ಮೊದಲಿನಷ್ಟೇ ಬಿಗಿ ಇಟ್ಟ, ಒಂದೆಳೆಯೂ ಸಡಿಲ ಮಾಡಲಿಲ್ಲ. ಗಂಟನ್ನು ಮಾತ್ರ ಮುಂದಕ್ಕೆ ತಂದ. ಕೊಟ್ಟಿಗೆಯಲ್ಲಿ ದನ ಕಟ್ಟುವಾಗ ಹಾಕುತ್ತಾರಲ್ಲ, ತುದಿ ಎಳೆದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳುವ ಗಂಟು, ಅದನ್ನು ಹಾಕಿದ. ಒದ್ದೆ ಕೈಗೂ ಸಿಗಲೆಂದು ತುದಿಗೊಂದು ಮರದ ಗುಂಡು ಕಟ್ಟಿದ. ಆಮೇಲೆ ತಿಂಗಳುಗಟ್ಟಲೆ ಅವಳಿಗೆ ಕಲಿಸಿದ್ದು ಅದೊಂದನ್ನೇ. ಕಣ್ಣು ಮುಚ್ಚಿ ಬಿಚ್ಚು. ಉಸಿರು ಕಟ್ಟಿ ಬಿಚ್ಚು. ನೀರೊಳಗೆ ಬಿಚ್ಚು.

"ಹುಟ್ಟು ಹಾಕೋದು ಯಾವಾಗ ಕಲಿಸ್ತೀಯಪ್ಪಾ?"

"ಅದನ್ನ ಹೊಳೆ ಕಲಿಸುತ್ತೆ. ಇದನ್ನ ಹೊಳೆ ಕಲಿಸಲ್ಲ ಮಗಾ."

ಮಳೆಗಾಲ ಬಂತು. ಕೆಳಗಿನ ಹಳ್ಳಿಯಲ್ಲಿ ಜ್ವರವಿತ್ತು. ಅವಳು ಔಷಧಿಯ ಗಂಟನ್ನು ಎದೆಗೆ ಕಟ್ಟಿಕೊಂಡು ಹೊರಟಳು. ಅಪ್ಪ ದಂಡೆ ಮುಗಿದು ಕಡಿದಾದ ಬಂಡೆ ಎದುರಾಗುವವರೆಗೂ ಓಡುತ್ತ ಬಂದ. ನೀರು ಧುಮುಕುವ ಮೊದಲ ಜಾಗ ದಾಟಿದಳು. ಎರಡನೆಯದನ್ನೂ ದಾಟಿದಳು. ದೋಣಿ ಅವಳ ಮೈ ಹೇಳಿದ ಹಾಗೇ ಕೇಳುತ್ತಿತ್ತು. ದೊಡ್ಡ ಬಂಡೆಗಳ ಕಂಡಿಯಲ್ಲಿ ಮರದ ದಿಮ್ಮಿಯೊಂದು ಅಡ್ಡ ಸಿಕ್ಕಿಕೊಂಡಿತ್ತು. ದೋಣಿ ಬಡಿದು ಮಗುಚಿತು. ಮೇಲೆ ಅದರ ತಳ ಮಾತ್ರ ಕಾಣಿಸಿತು.

ಅಪ್ಪನ ಕೈ ಸೊಂಟದ ಚೂರಿಗೆ ಹೋಯಿತು. ಅಷ್ಟು ದೂರದಿಂದ ಅವನ ಚೂರಿ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ.

ಸ್ವಲ್ಪ ಕೆಳಗೆ ಒಂದು ತಲೆ ಮೇಲೆದ್ದಿತು. ಅವಳು ಈಜಿ ದಡ ಹತ್ತಿದಳು. ಔಷಧಿ ಎದೆಯಲ್ಲೇ ಇತ್ತು. ಕೆಳಗಿನ ಹಳ್ಳಿ ಅಲ್ಲಿಂದ ಕೂಗಳತೆ. ನಡೆದೇ ಹೋದಳು.

ಗುರುಗಳು ಕತೆ ಮುಗಿಸಿದರು. ಶಿಷ್ಯ ಕೇಳಿದ:

"ಅಷ್ಟು ಅಳತೆ ಮಾಡಿ, ಕಂಬಳಿ ಕತ್ತರಿಸಿ ಮಾಡಿದ ದೋಣಿ. ಅದೇನಾಯಿತು ಗುರುಗಳೇ?"

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಹೇಳಿದರು: "ಅಕ್ಕನ ಸುದ್ದಿ ಬಂದಾಗ ವ್ರತ ಏನಾಗುತ್ತದೆ ಅಂದೆ. ನಾನು ಹೇಳಿದ್ದು ಮಗಳ ಕತೆ ಕಣಪ್ಪಾ, ನೀನು ಇನ್ನೂ ದೋಣಿಯನ್ನೇ ಕೇಳುತ್ತಿದ್ದೀಯ."